ನೋವಾ, ಪೆಟ್ಟಾ?

ಮಗಳು ಕುದುರೆಯ ಕೆಳಗೆ ಸಿಕ್ಕಿಕೊಂಡಾಗ ರಾಯ್ಸ್ ಟಾಲೆಫ್ಸನ್ ಬೇಲಿ ಹಾರಲಿಲ್ಲ. ಹಾರಲೆಂದು ಒಂದು ಕಾಲು ಎತ್ತಿದ್ದು ನಿಜ. ಅಷ್ಟರಲ್ಲಿ ಅಕ್ಕಪಕ್ಕದವರು ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಎತ್ತಿದ ಕಾಲನ್ನು ಬೇಲಿಯ ಕೆಳಗಿನ ಅಡ್ಡಪಟ್ಟಿಯ ಮೇಲಿಟ್ಟು, ಮೊದಲಿನಿಂದಲೂ ಹಾಗೇ ಒರಗಿದ್ದವನಂತೆ ನಿಂತುಬಿಟ್ಟ.

ಅದು ಜಿಲ್ಲೆಯ ಬೇಸಿಗೆ ರೋಡಿಯೊ, ಕುದುರೆ ಸವಾರರ ಪಂದ್ಯಗಳ ಜಾತ್ರೆ. ಬ್ರಿಟಾಳದು ಪೀಪಾಯಿ ಓಟ. ಕುದುರೆಯ ಮೇಲೆ ಮೂರು ಪೀಪಾಯಿಗಳನ್ನು ಸುತ್ತಿ ಯಾರು ಬೇಗ ವಾಪಸು ಬರುತ್ತಾರೋ ಅವರು ಗೆದ್ದಂತೆ. ಅವಳಿಗೆ ಹದಿನೇಳು ವರ್ಷ. ಮೊದಲ ಪೀಪಾಯಿಯನ್ನು ಅವಳು ಸುತ್ತಿದ ವೈಖರಿ ನೋಡಿ ರಾಯ್ಸ್ ಮನಸ್ಸಿನಲ್ಲೇ ಮೀಸೆ ತಿರುವಿದ. ಎರಡನೆಯದರ ಹತ್ತಿರ ಅವಳ ಹೆಣ್ಣುಕುದುರೆ ಟ್ಯಾನ್ಸಿಯ ಹಿಂಗಾಲು ಜಾರಿತು, ಕುದುರೆ ಪಕ್ಕಕ್ಕೆ ಮಗುಚಿಕೊಂಡಿತು, ಬ್ರಿಟಾಳ ಎಡಗಾಲು ಅದರ ಹೊಟ್ಟೆಯಡಿ ಹೋಯಿತು. ಏಳುವ ಗಡಿಬಿಡಿಯಲ್ಲಿ ಕುದುರೆ ಅದೇ ಕಾಲಿನ ಮೇಲೆ ಇನ್ನೊಮ್ಮೆ ಹೊರಳಿ, ಆಮೇಲೆ ಎದ್ದು ಮೈ ಕೊಡವಿಕೊಂಡು ನಿಂತಿತು. ಬ್ರಿಟಾ ಮಾತ್ರ ಧೂಳಿನಲ್ಲಿ ಮಲಗೇ ಇದ್ದಳು.

ನಮ್ಮ ಕಡೆ ರೋಡಿಯೊದಲ್ಲಿ ಬಿದ್ದವರು ತಾವೇ ಎದ್ದು ತಾವೇ ನಡೆದು ಅಂಗಳದಿಂದ ಹೊರಗೆ ಬರಬೇಕು. ಹಾಗಂತ ಯಾರೂ ಕಾನೂನು ಮಾಡಿಲ್ಲ. ಹೊತ್ತುಕೊಂಡು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಆ ಏನೂ ಅನ್ನದಿರುವುದು ಇದೆಯಲ್ಲ, ಅದು ವರ್ಷಗಟ್ಟಲೆ ನಡೆಯುತ್ತದೆ. ದಿನಸಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಹುಲ್ಲಿನ ಹರಾಜಿನಲ್ಲಿ ಜನ ನಿಮ್ಮ ಮುಂದೆ ಆ ದಿನದ ಸುದ್ದಿ ಎತ್ತದೆ ಎಷ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆಂದರೆ, ಬೈದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಬ್ರಿಟಾ ಎದ್ದಳು. ಟೋಪಿ ಹುಡುಕಿ ತೆಗೆದುಕೊಂಡಳು, ತೊಡೆಗೆ ಬಡಿದು ಧೂಳು ಕೊಡವಿದಳು, ಕುದುರೆಯ ಲಗಾಮು ಹಿಡಿದು ನಡೆದು ಬಂದಳು. ಎಡಗಾಲನ್ನು ಊರಿದಾಗಲೆಲ್ಲ ಅವಳ ದವಡೆ ಬಿಗಿಯುತ್ತಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ರಾಯ್ಸನ ಹೆಗಲಿಗೆ ಗುದ್ದಿ, "ಥೇಟ್ ನಿನ್ನ ಅಚ್ಚೇ ಕಣೋ ಇದು. ಅಳಿಸಿಬಿಟ್ಟು ಬೇರೆ ಬರೆಯೋಕಾಗಲ್ಲ," ಅಂದರು. ರಾಯ್ಸ್ ಹಿಂದೊಮ್ಮೆ ಮುರಿದ ಪಕ್ಕೆಲುಬು ಇಟ್ಟುಕೊಂಡು ಎರಡು ದಿನ ಸವಾರಿ ಮಾಡಿದ್ದನ್ನು ಆ ಊರು ಮರೆತಿರಲಿಲ್ಲ. ಮರೆಯದ ಹಾಗೆ ಅವನೂ ಆಗಾಗ ನೆನಪು ಮಾಡುತ್ತಿದ್ದ.

ಅವಳು ಗೇಟು ದಾಟಿದ ಮೇಲೆ ಅವನು ಹತ್ತಿರ ಹೋಗಿ ಕೇಳಿದ: "ನೋವಾ, ಪೆಟ್ಟಾ?"

ಟಾಲೆಫ್ಸನ್ನರ ಮನೆಯಲ್ಲಿ ಈ ಪ್ರಶ್ನೆಗೆ ತಲೆಮಾರುಗಳ ವಯಸ್ಸಿದೆ. ಆ ಮನೆಯಲ್ಲೇ ಏಕೆ, ಕುದುರೆ ಹತ್ತುವವರ ಮನೆಗಳಲ್ಲೆಲ್ಲ ಕೇಳುವ ಪ್ರಶ್ನೆ ಇದು. ನೋವಾದರೆ ಕುದುರೆ ಹತ್ತಬಹುದು, ಪೆಟ್ಟಾದರೆ ಹತ್ತುವ ಹಾಗಿಲ್ಲ. ಕೇಳಲು ಬಹಳ ನ್ಯಾಯವಾಗಿದೆ. ಆದರೆ ಬ್ರಿಟಾ ಹುಟ್ಟಿದಾಗಿನಿಂದ ಆ ಮನೆಯಲ್ಲಿ 'ಪೆಟ್ಟು' ಅಂತ ಉತ್ತರ ಕೊಟ್ಟವರನ್ನು ಯಾರೂ ನೋಡಿರಲಿಲ್ಲ.

"ನೋವು ಅಷ್ಟೇ," ಅಂದಳು ಬ್ರಿಟಾ.

"ಹಾಗಿದ್ರೆ ಗಟ್ಟಿ ಇರು. ನಾಳೆ ಫೈನಲ್ ಇದೆ."

ಶುಕ್ರವಾರದ ಓಟದಲ್ಲಿ ಅವಳು ಎಲ್ಲರಿಗಿಂತ ಮುಂದಿದ್ದಳು. ಆ ಲೆಕ್ಕದ ಮೇಲೆ ಭಾನುವಾರದ ಫೈನಲಿಗೆ ಜಾಗ ಗಟ್ಟಿಯಾಗಿತ್ತು. ರೋಡಿಯೊದ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿದ್ದ ಮನುಷ್ಯ ಮೂಳೆಯನ್ನು ಅಲ್ಲಲ್ಲಿ ಒತ್ತಿ ನೋಡಿ, ಮುರಿದ ಹಾಗೆ ಕಾಣುವುದಿಲ್ಲ ಅಂದ. ಮಂಜುಗಡ್ಡೆಯ ಚೀಲ ಕೊಟ್ಟ. "ಆದ್ರೂ ಕಾಲು ಊದ್ಕೊಂಡು ಬಿಗಿ ಆಯ್ತು, ನೋವು ಹೆಚ್ತಾ ಹೋಯ್ತು ಅಂದ್ರೆ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ," ಅಂದ. ರಾಯ್ಸ್ ತಲೆಯಾಡಿಸಿದ. ನಾವು ಕೇಳದಿದ್ದರೂ ದಾರಿ ಹೇಳುವವರಿಗೆ ತಲೆಯಾಡಿಸುತ್ತೇವಲ್ಲ, ಹಾಗೆ.

ಸಂಜೆ ಹೊತ್ತಿಗೆ ಮೈದಾನದ ಹಿಂದಿನ ಹುಲ್ಲುಗಾವಲಿನಲ್ಲಿ ಎಲ್ಲರೂ ತಮ್ಮ ತಮ್ಮ ಟ್ರೇಲರುಗಳ, ಅಂದರೆ ಟ್ರಕ್ಕಿಗೆ ಕಟ್ಟಿ ಎಳೆಯುವ ಗಾಡಿಮನೆಗಳ ಮುಂದೆ ಒಲೆ ಹಚ್ಚಿದ್ದರು. ರಾಯ್ಸ್ ಬೀನ್ಸ್ ಕಾಳಿನ ಡಬ್ಬಿ ತೆರೆದು, ಕೊಚ್ಚಿದ ಮಾಂಸ ಸೇರಿಸಿ ಕುದಿಸಿ, ಮೆಕ್ಕೆಜೋಳದ ರೊಟ್ಟಿಯ ಜೊತೆ ಮಗಳಿಗೆ ತಟ್ಟೆ ಕೊಟ್ಟ. ಅವಳು ಮುಟ್ಟಲಿಲ್ಲ. ಟ್ರೇಲರಿನ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು ಅಂಗಿಯ ತೋಳನ್ನು ಕಚ್ಚಿಕೊಂಡಿದ್ದಳು. ಬೂಟು ಬಿಚ್ಚಲು ಇಬ್ಬರೂ ಸೇರಿ ಎಳೆಯಬೇಕಾಯಿತು. ಮೊಣಕಾಲಿನಿಂದ ಕೆಳಗೆ ಕಾಲಿನ ಮುಂಭಾಗ ಹೊಳೆಯುವಷ್ಟು ಬಿಗಿದುಕೊಂಡಿತ್ತು. ಗಾಳಿ ತುಂಬಿದ ಟೈರನ್ನು ಒತ್ತಿದ ಹಾಗಾಯಿತು ರಾಯ್ಸನ ಹೆಬ್ಬೆರಳಿಗೆ.

"ಅಪ್ಪಾ, ಇದು ಬೇರೆ ಥರ ಇದೆ," ಅಂದಳು ಬ್ರಿಟಾ.

"ಬೇರೆ ಥರ ಅಂದ್ರೆ?"

"ಗೊತ್ತಿಲ್ಲ. ಬಿದ್ದಾಗ ಇಷ್ಟು ಇರ್ಲಿಲ್ಲ. ಈಗ ಒಳಗಿಂದ ಯಾರೋ ಹಿಂಡ್ತಿರೋ ಹಾಗಿದೆ. ಬೆರಳು ಅಲ್ಲಾಡಿಸಿದ್ರೆ ಜೀವ ಹೋಗತ್ತೆ."

ಹದಿನೇಳು ವರ್ಷದಲ್ಲಿ ಆ ಹುಡುಗಿ ನೋವಿನ ಬಗ್ಗೆ ಅಪ್ಪನೊಂದಿಗೆ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅದನ್ನು ರಾಯ್ಸ್ ಗಮನಿಸಬೇಕಿತ್ತು. ಅವನು ಗಮನಿಸಿದ್ದು, ಪಕ್ಕದ ಟ್ರೇಲರಿನವರಿಗೆ ಇದು ಕೇಳಿಸುತ್ತಿದೆಯೇನೋ ಅನ್ನುವುದನ್ನು. ಎದ್ದು ಹೋಗಿ ಬಾಗಿಲು ಎಳೆದುಕೊಂಡ.

ಹಿಂದಿನ ವರ್ಷ ಅವನಿಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು. ಕುದುರೆಗಳಿಗೆ ಲಾಳ ಹೊಡೆಯುವ ಕೆಲಸ ಅವನದು. ದಿನವಿಡೀ ಬಗ್ಗಿ ಬಗ್ಗಿ ಬೆನ್ನು ಕೈಕೊಟ್ಟಿತ್ತು. ಆಗ ಕೊಟ್ಟ ಜಬರ್ದಸ್ತ್ ನೋವಿನ ಮಾತ್ರೆಗಳು ಮಿಕ್ಕಿದ್ದವು. ಅವನ ಹೆಂಡತಿ ಲೋರ್ನಾಳ ತಮ್ಮ ಗಿಲ್ ಅದೇ ಜಾತಿಯ ಮಾತ್ರೆಗಳ ಚಟ ಹತ್ತಿಸಿಕೊಂಡು ಸತ್ತಿದ್ದ. ಸಾಯುವ ಮೊದಲು ಅಕ್ಕನಿಗೆ ಹೇಳದ ಸುಳ್ಳಿರಲಿಲ್ಲ. ಹಾಗಾಗಿ ಲೋರ್ನಾ ಗಂಡನ ಕೈ ಹಿಡಿದು, "ಒಂದು ಮಾತ್ರೆನೂ ಈ ಮನೇಲಿ ಇರಕೂಡದು. ಷೆರೀಫನ ಪೊಲೀಸ್ ಆಫೀಸಲ್ಲಿ ಮಿಕ್ಕಿದ ಮಾತ್ರೆ ವಾಪಸು ಹಾಕೋ ಪೆಟ್ಟಿಗೆ ಇಟ್ಟಿದಾರೆ, ಇವತ್ತೇ ಹಾಕ್ಬಿಟ್ಟು ಬಾ," ಅಂದಿದ್ದಳು. ರಾಯ್ಸ್ ಹೋಗಿದ್ದ. ಪೆಟ್ಟಿಗೆ ಬಾಗಿಲ ಎದುರಿಗೇ ಇತ್ತು. ಅದರ ಮುಂದೆ ನಿಂತರೆ, ಇವನೂ ಮಾತ್ರೆ ನುಂಗುವವನೇ ಅಂತ ನೋಡಿದವರು ಅಂದುಕೊಂಡಾರು ಅನ್ನಿಸಿ, ಹಾಗೇ ವಾಪಸು ಬಂದಿದ್ದ. ಹಾಕಿದೆ ಅಂತ ಮನೆಯಲ್ಲಿ ಹೇಳಿದ. ಮಾತ್ರೆಗಳು ಟ್ರಕ್ಕಿನ ಮುಂದಿನ ಖಾನೆಯಲ್ಲಿ, ಲಾಳದ ಮೊಳೆಗಳ ಪೊಟ್ಟಣದ ಹಿಂದೆ ಉಳಿದವು.

ಈಗ ಅವನು ಆ ಖಾನೆಯಿಂದಲೇ ಒಂದು ಮಾತ್ರೆ ತಂದ.

"ಇದೇನು?"

"ನಂದೇ. ಬೆನ್ನಿಗೆ ಕೊಟ್ಟಿದ್ದು. ನುಂಗು, ಚೆನ್ನಾಗಿ ನಿದ್ದೆ ಬರತ್ತೆ. ಅಮ್ಮನಿಗೆ ಹೇಳೋ ಅಗತ್ಯ ಇಲ್ಲ."

"ಅಪ್ಪಾ, ಆ ಡೇರೆಯೋನು ಆಸ್ಪತ್ರೆಗೆ..."

"ಆಸ್ಪತ್ರೆಗೆ ಹೋದ್ರೆ ಅವರೇನ್ಮಾಡ್ತಾರೆ ಗೊತ್ತಾ? ಕಾಲಿಗೊಂದು ಪಟ್ಟಿ ಸುತ್ತಿ ಒಂದು ತಿಂಗಳು ಮಲಗು ಅಂತಾರೆ. ನಿಂಗೆ ನಾಳೆ ಓಡಬೇಕೋ ಬೇಡ್ವೋ?"

ಬ್ರಿಟಾ ನುಂಗಿದಳು. ಸ್ವಲ್ಪ ಹೊತ್ತಿಗೆ ತೋಳಿನಿಂದ ಬಾಯಿ ತೆಗೆದಳು. ಆಮೇಲೆ ಮತ್ತೆ ಮುಲುಗಿದಾಗ ಅವನು ಇನ್ನೊಂದು ಕೊಟ್ಟ. ಅವಳು ನಿದ್ದೆಹೋದಳು. ರಾಯ್ಸ್ ಅವಳ ಮೇಲೆ ಕಂಬಳಿ ಎಳೆದ, ಹಣೆಯ ಮೇಲಿನ ಕೂದಲು ಸರಿಸಿದ. ತಾನು ಒಳ್ಳೆಯ ಅಪ್ಪ ಅನ್ನಿಸಿತು ಅವನಿಗೆ. ಮುಂದೆ ಅವನನ್ನು ಅತಿ ಹೆಚ್ಚು ಚುಚ್ಚಿದ್ದು ಆ ಅನ್ನಿಸಿಕೆಯೇ.

ಬೆಳಗಿನ ಜಾವ ಮಗಳು ನರಳಿದಾಗ ಮತ್ತೊಂದು ಮಾತ್ರೆ ಕೊಟ್ಟು ಅವನು ಟ್ಯಾನ್ಸಿಗೆ ನೀರು ಕುಡಿಸಲು ಹೊರಗೆ ಹೋದ. ವಾಪಸು ಬರುವ ಹೊತ್ತಿಗೆ ಟ್ರೇಲರಿನ ಒಳಗಿನಿಂದ ಹೆಜ್ಜೆಯ ಸದ್ದು ಬಂತು. ರಾಯ್ಸ್ ಕಣ್ಣು ಮುಚ್ಚಿಕೊಂಡು ಬರೀ ಗೊರಸಿನ ಸದ್ದಿನಿಂದ ಕುದುರೆಯ ಯಾವ ಕಾಲು ಕುಂಟು ಅಂತ ಹೇಳಬಲ್ಲ ಆಸಾಮಿ. ಈಗ ಕೇಳಿಸಿದ್ದು ಒಂದು ನೇರ ಹೆಜ್ಜೆ, ಇನ್ನೊಂದು ಒದ್ದೆ ಬಟ್ಟೆಯನ್ನು ನೆಲಕ್ಕೆ ಬಿಸಾಕಿದ ಹಾಗೆ ಪಟ್ ಅನ್ನುವ ಸದ್ದು. ಅವನ ಕೈಯ ಬಕೀಟು ಅಲ್ಲೇ ನಿಂತಿತು.

"ನೋವು ಪೂರ್ತಿ ಕಮ್ಮಿ ಆಗಿದೆ ಅಪ್ಪಾ," ಅಂದಳು ಬ್ರಿಟಾ, ಹೆದರಿದ ದನಿಯಲ್ಲಿ. "ಆದ್ರೆ ಪಾದ ಮೇಲಕ್ಕೇ ಬರ್ತಿಲ್ಲ. ಬೆರಳು ಮುಟ್ಟಿದ್ರೆ ನಂದಲ್ಲ ಅನ್ಸತ್ತೆ."

ಅವನು ಕುದುರೆಯನ್ನು ಟ್ರೇಲರಿನ ಹಿಂಭಾಗಕ್ಕೆ ಹತ್ತಿಸಿ, ಮಗಳನ್ನು ಟ್ರಕ್ಕಿನಲ್ಲಿ ಕೂರಿಸಿ, ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೊಡೆದ. ಲೋರ್ನಾ ಬಾಣಂತಿ ತಂಗಿಯ ಮನೆಯಲ್ಲಿದ್ದಳು, ಫೋನು ಮಾಡಿದ. ಇವರು ತಲುಪಿದ ಸ್ವಲ್ಪದರಲ್ಲೇ ಅವಳೂ ಬಂದಳು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು.

ಡಾಕ್ಟರ್ ಮಾರ್ಲೆಟ್ ಮಧ್ಯವಯಸ್ಸಿನ ಹೆಂಗಸು, ದೇಶದ ಪೂರ್ವದ ಕಡೆಯಿಂದ ಬಂದವಳು. ಕಾಲಿನ ಎಕ್ಸ್‌ರೇ ತೆಗೆಸಿದಳು. ಮೂಳೆ ಮುರಿದಿರಲಿಲ್ಲ. ಊದಿದ ಕಾಲನ್ನು ಮುಟ್ಟಿ ನೋಡಿದಳು, ಬೆರಳುಗಳನ್ನು ಹಿಡಿದು ನಿಧಾನಕ್ಕೆ ಬಗ್ಗಿಸಿದಳು. ಬ್ರಿಟಾ ಮುಖ ಕಿವುಚಿದಳು ಅಷ್ಟೇ.

"ನಿನ್ನೆ ಸಂಜೆ ನೋವು ಹೇಗಿತ್ತು? ತಡೆಯೋಕೇ ಆಗದಷ್ಟು ಇತ್ತಾ?"

"ತಡ್ಕೊಳ್ಳೋ ಹಾಗೇ ಇತ್ತು," ಅಂದಳು ಬ್ರಿಟಾ.

"ನಿದ್ದೆ?"

"ಚೆನ್ನಾಗಿ ಬಂತು."

"ಮಾತ್ರೆ ಏನಾದ್ರೂ ತಗೊಂಡ್ಯಾ?"

ಬ್ರಿಟಾ ಬಾಯಿ ತೆರೆಯುವ ಮೊದಲೇ ರಾಯ್ಸ್ ಹೇಳಿದ: "ಅಂಗಡೀಲಿ ಸಿಗೋದು. ಎಲ್ಲರೂ ತಗೊಳ್ತಾರಲ್ಲ, ಅದೇ." ಪಕ್ಕದಲ್ಲಿ ಲೋರ್ನಾ ನಿಂತಿದ್ದಳು. ಅವಳ ಕೈ ಅವನ ತೋಳಿನ ಮೇಲಿತ್ತು. ಬ್ರಿಟಾ ತುಟಿ ಮುಚ್ಚಿಕೊಂಡಳು.

ಡಾಕ್ಟರಿಗೆ ಅನುಮಾನ ಬರಬೇಕಾದದ್ದು ಆ ಉತ್ತರಗಳಿಂದ, ಆ ಉತ್ತರಗಳನ್ನೇ ಅಪ್ಪ ಮಗಳು ಸೇರಿ ತೊಳೆದು ಇಟ್ಟಿದ್ದರು. ಮೊಣಕಾಲಿನ ಪಕ್ಕದಲ್ಲಿ ಒಂದು ನರ ಚರ್ಮದ ಕೆಳಗೇ ಹಾದುಹೋಗುತ್ತದೆ, ಅದಕ್ಕೆ ಏಟು ಬಿದ್ದರೆ ಪಾದ ಹೀಗೆ ಜೋಲುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ, ಬಹುತೇಕ ತಾನಾಗಿ ಸರಿಹೋಗುತ್ತದೆ ಅಂದಳು. "ಇನ್ನೊಂದು ಯೋಚನೆ ನನಗಿತ್ತು. ಆದ್ರೆ ಅದಾಗಿದ್ರೆ ರಾತ್ರಿಯೆಲ್ಲ ಕಿರುಚಿಕೊಂಡಿರ್ತಿದ್ಲು. ಮಧ್ಯಾಹ್ನದವರೆಗೂ ಇಲ್ಲೇ ಇರಲಿ, ನೋಡೋಣ."

"ಸದ್ಯ, ನಿದ್ದೆ ಬಂತಲ್ಲ," ಅಂದಳು ಲೋರ್ನಾ, ಕಣ್ಣೊರೆಸಿಕೊಳ್ಳುತ್ತ.

ರಾಯ್ಸ್ ಕುದುರೆ ನೋಡಿಕೊಂಡು ಬರುತ್ತೇನೆ ಅಂತ ಹೊರಗೆ ಹೋದ. ಗಾಡಿಯಲ್ಲಿ ನಿಂತಿದ್ದ ಟ್ಯಾನ್ಸಿಯ ತೊಡೆಯ ಮೇಲೆ ಬಿದ್ದಾಗಿನ ತರಚು ಇತ್ತು. ಅವನು ಕೈಯಿಟ್ಟ ಕೂಡಲೇ ಅದು ಚರ್ಮ ನಡುಗಿಸಿ ಕಾಲು ಹಿಂದಕ್ಕೆ ಎಳೆದುಕೊಂಡಿತು. "ಆಯ್ತಮ್ಮ, ಆಯ್ತು, ಮುಟ್ಟಲ್ಲ," ಅಂದ. ಅಂದವನಿಗೆ ಹಾರ್ಲನ್ ಪ್ಲಂಕೆಟ್ ನೆನಪಾದ.

ಪ್ಲಂಕೆಟ್ ಕುದುರೆ ದಲ್ಲಾಳಿ. ಆ ವಸಂತದ ಸಂತೆಯಲ್ಲಿ ಒಂದು ಕುಂಟು ಕುದುರೆಯ ಮೇವಿಗೆ ನೋವಿನ ಪುಡಿ ಬೆರೆಸಿ, ಚೆನ್ನಾಗಿ ಓಡಿಸಿ ತೋರಿಸಿ, ಒಬ್ಬ ವಿಧವೆಗೆ ಮಾರಲು ಹೊರಟಿದ್ದ. ರಾಯ್ಸ್ ಕುದುರೆಯ ಗೊರಸು ಎತ್ತಿ ನೋಡಿ, ನಾಲ್ಕು ಜನರ ಮುಂದೆ ಅವನ ನೀರಿಳಿಸಿದ್ದ. "ಅದಕ್ಕೆ ನೋವಾಗೋದೇ ಅದು ಆ ಕಾಲು ಊರಬಾರದು ಅಂತ ಕಣೋ. ನೀನು ಅದರ ಬಾಯಿಗೆ ಬಟ್ಟೆ ತುರುಕಿ ಓಡಿಸ್ತಿದೀಯ. ನಾಳೆ ಕಾಲು ಮುರಿದ್ರೆ ಪಾಪ ನಿಂಗೆ ಸುತ್ಕೊಳ್ಳತ್ತೆ," ಅಂದಿದ್ದ. ಆ ಮಾತು ಸಂತೆಯಲ್ಲಿ ಹೆಸರಾಗಿತ್ತು. ಜನ ಬಿಯರು ಕೊಡಿಸಿದ್ದರು.

ಗಾಡಿಯ ಪಕ್ಕ ನಿಂತ ರಾಯ್ಸನಿಗೆ ಮೈ ಬಿಸಿಯೇರಿತು. ಇನ್ನೊಂದು ಯೋಚನೆ ಅಂದಳಲ್ಲ ಡಾಕ್ಟರು, ಕಿರುಚಿಕೊಂಡಿರುತ್ತಿದ್ದಳು ಅಂದಳಲ್ಲ. ಕಿರುಚಿದ್ದಳು. ಅವಳ ಅಳತೆಯಲ್ಲಿ ಅದು ಕಿರುಚಾಟವೇ. 'ಇದು ಬೇರೆ ಥರ ಇದೆ' ಅಂದಿದ್ದಳು. ಬಾಯಿಗೆ ಬಟ್ಟೆ ತುರುಕಿದವನು ತಾನು.

ಇಷ್ಟು ಹೊಳೆದ ಮೇಲೆ ಅವನು ಓಡಿಹೋಗಿ ಹೇಳಿದ ಅಂತ ನೀವು ಅಂದುಕೊಳ್ಳುತ್ತೀರಿ. ಇಲ್ಲ. ಅವನು ಒಳಗೆ ಬಂದು ಮಗಳ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, ಲೋರ್ನಾ ಎದ್ದು ಎಲ್ಲಾದರೂ ಹೋಗಲಿ ಅಂತ ಕಾದ. ಅವಳು ಹೊರಗೆ ಹೋದರೆ ಡಾಕ್ಟರ ಕಿವಿಯಲ್ಲಿ ಹೇಳಿಬಿಡಬಹುದು, ಹೆಂಡತಿಗೆ ಗೊತ್ತಾಗದ ಹಾಗೆ ಕೆಲಸ ಮುಗಿಯುತ್ತದೆ. ಇದು ಅವನ ಲೆಕ್ಕ. ಈ ಕಥೆ ಹೇಳುತ್ತಿರುವ ನನಗೆ ಮಾತ್ರೆ ಕೊಟ್ಟ ರಾಯ್ಸನ ಪರವಾಗಿ ನಾಲ್ಕು ಮಾತಾಡಲು ಬರುತ್ತದೆ, ಕುರ್ಚಿಯಲ್ಲಿ ಕಾದು ಕೂತ ರಾಯ್ಸನ ಪರ ಬಾಯಿ ಬರುವುದಿಲ್ಲ. ಅವನಿಗೂ ಬರಲಿಲ್ಲ, ಇವತ್ತಿಗೂ.

ಗೋಡೆಯ ಮೇಲಿನ ಟಿವಿಯಲ್ಲಿ ಯಾರೋ ಅಡಿಗೆ ಮಾಡುತ್ತಿದ್ದರು. ಲೋರ್ನಾ ಮಗಳ ಕೈ ಹಿಡಿದುಕೊಂಡು ತಂಗಿಯ ಮಗುವಿನ ಮೂಗಿನ ಬಗ್ಗೆ ಹೇಳುತ್ತಿದ್ದಳು.

"ಕಾಫಿ ಕುಡೀತೀಯಾ?" ಅಂತ ಅವಳು ಕೊನೆಗೂ ಕೇಳಿದಳು.

"ಹೂಂ, ತಗೊಂಬಾ ತಗೊಂಬಾ," ಅಂದ ರಾಯ್ಸ್, ಅವಳು ಅವನ ಕಡೆ ತಿರುಗಿ ನೋಡುವಷ್ಟು ಆತುರದಲ್ಲಿ.

"ಅಮ್ಮಾ, ಹೋಗ್ಬೇಡ," ಅಂದಳು ಬ್ರಿಟಾ.

ಲೋರ್ನಾ ಮತ್ತೆ ಕೂತಳು. ರಾಯ್ಸ್ ಮಗಳ ಮುಖ ನೋಡಿದ. ಬೆಳಗಿನ ಮಾತ್ರೆ ಇಳಿಯುತ್ತಿತ್ತು. ಮೇಲ್ದುಟಿಯ ಮೇಲೆ ಬೆವರು ಹನಿಗಟ್ಟಿತ್ತು. ಅವಳು ಆಸ್ಪತ್ರೆಯ ನಿಲುವಂಗಿಯ ತೋಳನ್ನು ಬಾಯಿಗೆ ಎಳೆದುಕೊಂಡು, ಯಾರಿಗೂ ಕಾಣದ ಹಾಗೆ, ಮೆಲ್ಲಗೆ ಕಚ್ಚಿಕೊಂಡಳು.

"ಲೋರ್ನಾ," ಅಂದ ರಾಯ್ಸ್. "ಡಾಕ್ಟರನ್ನ ಕರಿ. ನಾನು ಇವಳಿಗೆ ನನ್ನ ಬೆನ್ನಿನ ಮಾತ್ರೆ ಕೊಟ್ಟಿದೀನಿ. ನಿನ್ನೆ ಸಂಜೆಯಿಂದ."

ಲೋರ್ನಾಗೆ ಮೊದಲು ಅರ್ಥವಾಗಲಿಲ್ಲ. "ಯಾವ ಮಾತ್ರೆ? ಅದನ್ನ ಪೆಟ್ಟಿಗೆಗೆ ಹಾಕಿ ಬಂದೆ ಅಂದ್ಯಲ್ಲ."

"ಹಾಕಿರ್ಲಿಲ್ಲ."

ಅವಳು ಅವನನ್ನು ನೋಡಿದಳು. ಆಮೇಲೆ ಬಾಗಿಲಿಗೆ ಓಡಿದಳು.

ಡಾಕ್ಟರ್ ಮಾರ್ಲೆಟ್ ಬೈಯಲಿಲ್ಲ. ಬೈದಿದ್ದರೆ ರಾಯ್ಸನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಯಾವ ಮಾತ್ರೆ, ಎಷ್ಟು, ಯಾವಾಗ ಅಂತ ಕೇಳಿದಳು. ಅವನು ಹೇಳಿದ. ನೋವು ಯಾವಾಗ ಹೆಚ್ಚಾಗಿದ್ದು ಅಂತ ಈ ಸಲ ಬ್ರಿಟಾಳನ್ನೇ ಕೇಳಿದಳು. ಬ್ರಿಟಾ ಸಂಜೆಯಿಂದಲೇ ಅಂದಳು. ಡಾಕ್ಟರು ಕಾಲಿನ ಮಾಂಸಕ್ಕೆ ಸೂಜಿಯೊಂದನ್ನು ಇಳಿಸಿ ಒಳಗಿನ ಒತ್ತಡ ಅಳೆದಳು. ಅಳೆದ ಮೇಲೆ ಕೋಣೆಯಲ್ಲಿ ಯಾರೂ ನಡೆಯಲಿಲ್ಲ, ಎಲ್ಲರೂ ಓಡಿದರು.

ಮಗಳನ್ನು ತಳ್ಳಿಕೊಂಡು ಹೋಗುವಾಗ ಡಾಕ್ಟರು ಅವರಿಬ್ಬರಿಗೆ ಹೇಳಿದ್ದು ಇಷ್ಟು: ಕಾಲಿನ ಮಾಂಸಖಂಡಗಳ ಸುತ್ತ ಬಿಗಿಯಾದ ಚೀಲವಿದೆ. ಒಳಗೆ ಊತ ಬಂದರೂ ಆ ಚೀಲ ಹಿಗ್ಗುವುದಿಲ್ಲ, ರಕ್ತ ಓಡಾಡಲು ದಾರಿ ಇಲ್ಲದೆ ಮಾಂಸ ಸಾಯುತ್ತದೆ. ಚೀಲವನ್ನು ಕೊಯ್ದು ಬಿಡಿಸಬೇಕು. "ಇದನ್ನ ಮೊದಲು ಹೇಳೋದು ನೋವೊಂದೇ. ಆಮೇಲೆ ಜೋಮು ಹಿಡಿಯತ್ತೆ, ನೋವು ಕಮ್ಮಿ ಆದ ಹಾಗೆ ಅನ್ಸತ್ತೆ. ಅಷ್ಟೊತ್ತಿಗೆ ನರ ಸಾಯ್ತಿರತ್ತೆ."

"ಒಂದು ಗಂಟೆ ಮುಂಚೆ ಗೊತ್ತಾಗಿದ್ರೆ?" ಅಂತ ಲೋರ್ನಾ ಕೇಳಿದಳು.

"ಒಂದೊಂದು ಗಂಟೆಗೂ ಬೆಲೆ ಇರತ್ತೆ," ಅಂದಳು ಡಾಕ್ಟರು. ರಾಯ್ಸ್ ಟಿವಿಯ ಅಡಿಗೆಯನ್ನು ನೆನೆದ.

ಅವರಿಬ್ಬರೂ ಉದ್ದನೆಯ ಬೆಂಚಿನ ಎರಡು ತುದಿಗಳಲ್ಲಿ ಕೂತರು. ಲೋರ್ನಾ ಅವನ ಕಡೆ ನೋಡದೆಯೇ ಕೇಳಿದಳು.

"ನಾನು ಅವಳಿಗೆ ನಿದ್ದೆ ಬಂತಲ್ಲ ಅಂತ ಖುಷಿಪಟ್ಟೆ. ನೀನು ನೋಡ್ತಾ ಇದ್ದೆ. ಅಲ್ವಾ?"

"ಹೂಂ."

"ಗಿಲ್ ಕೂಡ ಸುಳ್ಳು ಹೇಳ್ತಿದ್ದ, ರಾಯ್ಸ್. ಅವನಿಗೆ ಕಾಯಿಲೆ ಇತ್ತು. ನಿಂಗೇನಿತ್ತು?"

ರಾಯ್ಸ್ ಟೋಪಿಯ ಅಂಚನ್ನು ತಿರುಗಿಸುತ್ತ ಕೂತ. ಅವಳು ಎದ್ದುಹೋಗಿ ಕಿಟಕಿಯ ಹತ್ತಿರ ನಿಂತಳು.

ಕಾಲು ಉಳಿಯಿತು. ಮುಂಭಾಗದ ಮಾಂಸಖಂಡದಲ್ಲಿ ಬಹುಪಾಲು ಸತ್ತಿತ್ತು, ಅದನ್ನು ತೆಗೆದುಹಾಕಿದರು. ಇನ್ನು ಆ ಪಾದ ತಾನಾಗಿ ಮೇಲೇಳುವುದಿಲ್ಲ, ನಡೆಯಲು ಕಾಲಿಗೆ ಪಟ್ಟಿಯ ಆಸರೆ ಬೇಕು ಅಂದರು. ಕುದುರೆ ಹತ್ತಬಹುದಾ ಅಂತ ಬ್ರಿಟಾ ಕೇಳಿದಳು. ಹತ್ತಬಹುದೇನೋ, ಆದರೆ ಪೀಪಾಯಿ ಸುತ್ತುವ ಹಾಗೆ ಅಲ್ಲ ಅಂದಳು ಡಾಕ್ಟರು. ಬ್ರಿಟಾ ತಲೆಯಾಡಿಸಿದಳು. ಅಳಲಿಲ್ಲ. ಅವಳು ಅತ್ತಿದ್ದರೆ ರಾಯ್ಸ್ ಬದುಕಿಕೊಳ್ಳುತ್ತಿದ್ದ.

ಕೊಯ್ದ ಗಾಯವನ್ನು ಊತ ಇಳಿಯುವವರೆಗೂ ಹೊಲಿಯದೆ ಹಾಗೇ ಬಿಟ್ಟಿದ್ದರು. ದಿನವೂ ಪಟ್ಟಿ ಬದಲಾಯಿಸಬೇಕಿತ್ತು. ನೋವಿಗೆ ಔಷಧಿ ಕೊಡುತ್ತೇವೆ ಅಂದಾಗ ಲೋರ್ನಾ ಬಿಳಿಚಿಕೊಂಡಳು. "ಅದೇ ಜಾತೀದಾ?" ಅಂದಳು.

"ಅದೇ ಜಾತೀದೇ," ಅಂದಳು ಡಾಕ್ಟರ್ ಮಾರ್ಲೆಟ್. "ನೀವು ಹೆದರೋದು ತಪ್ಪಲ್ಲ. ಆದ್ರೆ ಶನಿವಾರದ ನೋವು ಬೇರೆ, ಇದು ಬೇರೆ. ಆ ನೋವಿಗೆ ಹೇಳೋದಿತ್ತು, ಅದರ ಬಾಯಿ ಮುಚ್ಚಬಾರದಿತ್ತು. ಇದು ಹೇಳೋದನ್ನ ಹೇಳಿ ಮುಗಿಸಿದೆ. ಈಗ ಸುಮ್ಮನೆ ನರಳಿಸಿದ್ರೆ ಯಾರಿಗೇನು ಲಾಭ? ಕೆಲವು ದಿನ ಕೊಡ್ತೀವಿ, ನಾವೇ ಕೊಡ್ತೀವಿ, ಆಮೇಲೆ ಇಳಿಸ್ತೀವಿ. ಅವಳು ಮಾಡಬೇಕಾದ್ದು ಒಂದೇ. ಎಷ್ಟು ನೋವಿದೆ ಅಂತ ಕೇಳಿದಾಗ ನಿಜ ಹೇಳಬೇಕು. ಅವಳು ಹೇಳದೆ ನಮಗೆ ಗೊತ್ತಾಗೋಕೆ ಬೇರೆ ದಾರಿ ಇಲ್ಲ."

ಮಂಗಳವಾರ ಬೆಳಿಗ್ಗೆ ಪಟ್ಟಿ ಬದಲಾಯಿಸಲು ನರ್ಸ್ ಬಂದಾಗ ಮಗಳ ಜೊತೆ ರಾಯ್ಸ್ ಒಬ್ಬನೇ ಕೋಣೆಯಲ್ಲಿದ್ದ. ಲೋರ್ನಾ ಕೆಳಗೆ ತಿಂಡಿಗೆ ಹೋಗಿದ್ದಳು. ಈಗ ಅವಳು ಅವನನ್ನು ಕೇಳದೆಯೇ ಹೋಗುತ್ತಿದ್ದಳು.

"ಹೇಳಮ್ಮ," ಅಂದಳು ನರ್ಸ್. "ಏನೂ ಇಲ್ಲ ಅಂದ್ರೆ ಸೊನ್ನೆ, ಇದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ ಅಂದ್ರೆ ಹತ್ತು. ಈಗ ಎಷ್ಟಿದೆ?"

ಬ್ರಿಟಾ ಅಪ್ಪನ ಮುಖ ನೋಡಿದಳು. ಒಂದು ಕ್ಷಣ, ಅಷ್ಟೇ. ಗಡಿಯಾರ ನೋಡಿ ಹೊತ್ತು ಹೇಳುವವರ ಹಾಗೆ.

"ಮೂರು," ಅಂದಳು.

ಅವಳ ಮುಷ್ಟಿಯಲ್ಲಿ ಹೊದಿಕೆ ಮುದುಡಿತ್ತು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. ನರ್ಸ್ ಅದನ್ನು ನೋಡಿದಳು, ರಾಯ್ಸನೂ ನೋಡಿದ.

"ನಿಜ ಹೇಳು ಪುಟ್ಟೀ," ಅಂದ ಅವನು. "ನಾನೇನೂ ಅನ್ನಲ್ಲ. ಎಷ್ಟಿದ್ರೆ ಅಷ್ಟು ಹೇಳು."

ಅವಳು ಮತ್ತೆ ಅವನ ಮುಖ ನೋಡಿದಳು, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಅಪ್ಪ ಎಷ್ಟರವರೆಗೆ ತಡೆದುಕೊಂಡಾನು ಅಂತ ಅಳೆಯುತ್ತಿದ್ದಳು.

"ನಾಲ್ಕು," ಅಂದಳು, ನಕ್ಕು.

ಆ ನಗು ನೋಡಿ ರಾಯ್ಸನಿಗೆ ತಾನು ಹದಿನೇಳು ವರ್ಷ ಏನು ಕೇಳುತ್ತಾ ಬಂದಿದ್ದೆ ಅನ್ನುವುದು ತಿಳಿಯಿತು. ನೋವಾ, ಪೆಟ್ಟಾ ಅಂತ ಅವನು ಮಗಳ ಮೈಯನ್ನು ಎಂದೂ ಕೇಳಿರಲಿಲ್ಲ. ಅವಳೂ ಎಂದೂ ತನ್ನ ಮೈಯನ್ನು ನೋಡಿ ಉತ್ತರ ಕೊಟ್ಟಿರಲಿಲ್ಲ. ತಾನು ಈ ಕೋಣೆಯಲ್ಲಿ ಇರುವಷ್ಟು ಹೊತ್ತು ಅವಳಿಗೆ ಸರಿಯಾದ ಔಷಧಿ ಸಿಗುವುದಿಲ್ಲ. ಕ್ಷಮೆ ಕೇಳಿದರೂ ಸಿಗುವುದಿಲ್ಲ, ಕಾಲಿಗೆ ಬಿದ್ದರೂ ಸಿಗುವುದಿಲ್ಲ. ನಾಚಿಕೆಯಲ್ಲಿ ಅವನ ಕಿವಿಗಳು ಉರಿದವು.

"ನಾನು ಹೊರಗಿರ್ತೀನಿ," ಅಂತ ನರ್ಸಿಗೆ ಹೇಳಿ, ಮಗಳ ಕಡೆ ತಿರುಗದೆ ಎದ್ದು ಬಂದ. ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ. ಅದು ಪೂರ್ತಿ ಮುಚ್ಚಿಕೊಳ್ಳಲಿಲ್ಲ.

ಒಳಗೆ ನರ್ಸ್ ಇನ್ನೊಮ್ಮೆ ಕೇಳಿದಳು, ಮೊದಲಿಗಿಂತ ಮೆಲ್ಲಗೆ. ಬ್ರಿಟಾ ಅಳಲು ಶುರುಮಾಡಿದ್ದಳು. ಚಿಕ್ಕ ಮಗುವಿದ್ದಾಗ ಅವಳು ಅಳುತ್ತಿದ್ದ ರೀತಿ ಅದು, ರಾಯ್ಸ್ ಅದನ್ನು ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ಒಂಬತ್ತು," ಅಂದಳು ಅವಳು. "ಅಪ್ಪನಿಗೆ ಹೇಳ್ಬೇಡಿ."